ಅಂಡಾಶಯ ಕ್ಯಾನ್ಸರ್ ಪತ್ತೆ: ಸಿಎ-125ಕ್ಕೆ ಜೊತೆಯಾದ ಎಚ್‌ಇ4

ಅಂಡಾಶಯ ಕ್ಯಾನ್ಸರ್ ಸಂಶೋಧನೆಯಲ್ಲಿ ನೆನಪಿಡಬೇಕಾದ ಒಂದು ಸಂಸ್ಥೆ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ. ಅಲ್ಲಿನ ಶರ್ಮಿಳಾ ಬಾಪಟ್ ಅವರ ತಂಡ 2005ರಲ್ಲಿ ಅಂಡಾಶಯ ಕ್ಯಾನ್ಸರಿನ ಕಾಂಡಕೋಶಗಳ ಕುರಿತು ಮಹತ್ವದ ಸಂಶೋಧನೆ ಪ್ರಕಟಿಸಿತು.

ಈ ರೋಗದ ಪತ್ತೆಯ ವಿಷಯಕ್ಕೆ ಬಂದರೆ, ಹಳೆಯ ರಕ್ತಸೂಚಕ ಸಿಎ-125. ಇದನ್ನು 1980ರ ದಶಕದ ಆರಂಭದಲ್ಲಿ ಗುರುತಿಸಿದವರು ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು. ವಾಡಿಕೆಯ ಗಡಿ ಮಿಲಿಲೀಟರಿಗೆ 35 ಯೂನಿಟ್. ಮೊದಲ ಹಂತದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಮಾತ್ರ ಇದು ಏರುತ್ತದೆ. ಮುಟ್ಟು, ಗರ್ಭಧಾರಣೆ, ಎಂಡೋಮೆಟ್ರಿಯೋಸಿಸ್ ಇದ್ದಾಗಲೂ ಏರುತ್ತದೆ. ಹೊಟ್ಟೆಯ ಕ್ಷಯದಲ್ಲೂ ಏರುವುದರಿಂದ ನಮ್ಮ ದೇಶದಲ್ಲಿ ಗೊಂದಲ ಹೆಚ್ಚು.

ಇನ್ನೊಂದು ರಕ್ತಸೂಚಕವಾದ ಎಚ್‌ಇ4 ಪ್ರೋಟೀನು ಎಂಡೋಮೆಟ್ರಿಯೋಸಿಸ್‌ನಲ್ಲಿ ಸಾಮಾನ್ಯವಾಗಿ ಏರುವುದಿಲ್ಲ, ಆದರೆ ಮೂತ್ರಪಿಂಡ ಸೋತಾಗ ಏರುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎರಡರ ಮಟ್ಟಕ್ಕೆ ಮುಟ್ಟು ನಿಂತಿದೆಯೇ ಎಂಬುದನ್ನು ಸೇರಿಸಿ ಅಪಾಯ ಲೆಕ್ಕಹಾಕುವ ಸೂತ್ರವೇ ‘ರೋಮಾ’. 1990ರ ‘ಆರ್‌ಎಂಐ’ ಸೂಚ್ಯಂಕ ಸಿಎ-125, ಅಲ್ಟ್ರಾಸೌಂಡ್ ಅಂಕ, ಮುಟ್ಟಿನ ಸ್ಥಿತಿ ಮೂರನ್ನೂ ಗುಣಿಸುತ್ತದೆ. ‘ಓವಾ1’ ಎಂಬ ರಕ್ತಪರೀಕ್ಷೆ ಐದು ಪ್ರೋಟೀನುಗಳನ್ನು ಅಳೆಯುತ್ತದೆ. ಅದಕ್ಕೆ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಅನುಮತಿ ಸಿಕ್ಕಿದ್ದು 2009ರಲ್ಲಿ.

ಈ ಲೆಕ್ಕಾಚಾರ, ಪರೀಕ್ಷೆಗಳೆಲ್ಲ ಗಡ್ಡೆ ಕಂಡುಬಂದವರಿಗೆ. ರೋಗಲಕ್ಷಣವಿಲ್ಲದವರ ತಪಾಸಣೆಗಲ್ಲ: ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಬ್ರಿಟಿಷ್ ಅಧ್ಯಯನದ 2021ರ ವರದಿಯಂತೆ ಅಂಥ ತಪಾಸಣೆ ಸಾವನ್ನು ತಗ್ಗಿಸಲಿಲ್ಲ. ರೋಗವನ್ನು ಖಚಿತಪಡಿಸುವುದು ಅಂಗಾಂಶ ಪರೀಕ್ಷೆಯೇ. ಮನೆಯ ಹೆಣ್ಣುಮಕ್ಕಳಿಗೆ ವಾರಗಟ್ಟಲೆ ಹೊಟ್ಟೆಯುಬ್ಬರ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತೆ ಅನಿಸಿದರೆ ಗ್ಯಾಸ್ ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ.