ಕ್ರಿಕೆಟ್ ನೋಡುವಾಗ ನಮ್ಮ ನಾಲಿಗೆ

ಭಾರತದ ಪಂದ್ಯವಿರುವ ದಿನ ನಿಮ್ಮ ಮನೆಯ ಮುಂದೆ ಹಾದುಹೋಗುವವರಿಗೆ ಒಳಗಿನಿಂದ ಯಾವ ಮಾತು ಕೇಳಿಸುತ್ತದೆ? ಚಪ್ಪಾಳೆ, ಶಿಳ್ಳೆ ಕೇಳಿಸಿದರೆ ಸಂತೋಷ. ಆದರೆ ಒಂದು ಕ್ಯಾಚ್ ಕೈತಪ್ಪಿದಾಗ? ಗೆಲ್ಲಬೇಕಾದ ಪಂದ್ಯವನ್ನು ನಮ್ಮವರು ಸೋತಾಗ? ಆ ಹೊತ್ತಿನಲ್ಲಿ ನಮ್ಮ ಬಾಯಿಂದ ಬರುವ ಮಾತುಗಳನ್ನು ಪಕ್ಕದಲ್ಲೇ ಕುಳಿತ ಮಕ್ಕಳು ಕೇಳುತ್ತಿರುತ್ತಾರೆ. ಈ ವಾರ ಅದನ್ನು ಕುರಿತು ಸ್ವಲ್ಪ ಯೋಚಿಸೋಣ.

ಕ್ರಿಕೆಟ್ ನೋಡುವುದೇ ಕಾಲಹರಣ ಎನ್ನುವ ಹಿರಿಯರು ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದಾರೆ. ಅವರ ಮಾತನ್ನು ಪೂರ್ತಿ ಒಪ್ಪಲಾಗದು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 9ನೆಯ ಅಧ್ಯಾಯದಲ್ಲಿ ಓಟದ ಪಂದ್ಯವನ್ನೂ ಮುಷ್ಟಿಕಾಳಗವನ್ನೂ ಉದಾಹರಣೆಯಾಗಿ ಕೊಡುತ್ತಾರೆ. ಕೊರಿಂಥದ ಹತ್ತಿರ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಅವರ ಓದುಗರಿಗೆ ಆ ಮಾತು ತಟ್ಟನೆ ಅರ್ಥವಾಗಿರಬೇಕು. ವ್ಯಾಟಿಕನ್ನಿನಲ್ಲಿಯೇ 2013ರಲ್ಲಿ ಒಂದು ಕ್ರಿಕೆಟ್ ತಂಡ ಹುಟ್ಟಿತು. ಅದರಲ್ಲಿ ಆಡಿದವರಲ್ಲಿ ಭಾರತದ ಗುರುವಿದ್ಯಾರ್ಥಿಗಳೂ ಇದ್ದರು. ಹಾಗಾಗಿ ಆಟ ನೋಡುವುದು ಪಾಪವಲ್ಲ. ಧರ್ಮಸಭೆಯ ಧರ್ಮೋಪದೇಶ ಗ್ರಂಥ 2289ನೆಯ ಪರಿಚ್ಛೇದದಲ್ಲಿ ಎಚ್ಚರಿಸುವುದು ಬೇರೆ ವಿಷಯವನ್ನು: ಕ್ರೀಡೆಯ ಗೆಲುವನ್ನೇ ವಿಗ್ರಹ ಮಾಡಿಕೊಂಡು ಪೂಜಿಸಬಾರದು ಎಂಬುದನ್ನು.

ಸೀಮಿತ ಓವರುಗಳ ಪಂದ್ಯದಲ್ಲಿ ಈ ಅಪಾಯ ಹೆಚ್ಚು. ಐದು ದಿನದ ಟೆಸ್ಟಿನಲ್ಲಿ ಮನಸ್ಸಿಗೆ ಸಮಾಧಾನವಾಗಲು ಸಮಯವಿರುತ್ತದೆ, ಸೋಲು ಗೆಲುವಿಲ್ಲದೆ ಮುಗಿಯುವುದೂ ಉಂಟು. 50 ಓವರಿನ ಪಂದ್ಯ ಸಾಮಾನ್ಯವಾಗಿ ಅಂದೇ ತೀರ್ಮಾನವಾಗುತ್ತದೆ, ಹೆಚ್ಚಿನ ಸಲ ಒಬ್ಬರು ಸೋಲುತ್ತಾರೆ. ಬೆಳಗಿನಿಂದ ಕಟ್ಟಿಕೊಂಡ ಆಸೆಯೆಲ್ಲ ರಾತ್ರಿ ಹತ್ತು ಗಂಟೆಗೆ ಒಂದೇ ಸಲ ಒಡೆಯುತ್ತದೆ.

1996ರ ವಿಶ್ವಕಪ್ಪನ್ನು ನೆನಪಿಸಿಕೊಳ್ಳಿ. ಅದು ತಪಸ್ಸು ಕಾಲ. ಮಾರ್ಚ್ 9ರಂದು ಬೆಂಗಳೂರಿನಲ್ಲಿ ಭಾರತ ಪಾಕಿಸ್ತಾನವನ್ನು 39 ರನ್ನುಗಳಿಂದ ಸೋಲಿಸಿತು. ನಮ್ಮ ವೆಂಕಟೇಶ್ ಪ್ರಸಾದ್ ಅವರು ಆಮಿರ್ ಸೊಹೈಲ್ ಅವರನ್ನು ಬೌಲ್ಡ್ ಮಾಡಿದ ಆ ಒಂದು ಎಸೆತವನ್ನು ನೋಡಿದವರು ಮರೆತಿಲ್ಲ. ನಾಲ್ಕೇ ದಿನ ಕಳೆದು ಮಾರ್ಚ್ 13ರಂದು ಕಲ್ಕತ್ತೆಯಲ್ಲಿ ಸೆಮಿಫೈನಲ್. ಶ್ರೀಲಂಕಾ 251 ರನ್ ಮಾಡಿತು. ಭಾರತ ಒಂದು ವಿಕೆಟ್ಟಿಗೆ 98 ರನ್ ಮಾಡಿದ್ದು 8 ವಿಕೆಟ್ಟಿಗೆ 120ಕ್ಕೆ ಕುಸಿಯಿತು. ಪ್ರೇಕ್ಷಕರು ಬಾಟಲಿ ಎಸೆದರು, ಆಸನಗಳಿಗೆ ಬೆಂಕಿ ಹಚ್ಚಿದರು. ಪಂದ್ಯದ ರೆಫರಿ ಕ್ಲೈವ್ ಲಾಯ್ಡ್ ಅವರು ಆಟ ನಿಲ್ಲಿಸಿ ಶ್ರೀಲಂಕಾ ಗೆದ್ದಿತೆಂದು ಸಾರಿದರು. ಔಟಾಗದೆ ಉಳಿದಿದ್ದ ವಿನೋದ್ ಕಾಂಬ್ಳಿ ಅಳುತ್ತಾ ಮೈದಾನದಿಂದ ಹೊರನಡೆದರು. ಆ ಬಾಟಲಿ ಎಸೆದವರು ಶತ್ರುಗಳಲ್ಲ, ನಾಲ್ಕು ದಿನದ ಹಿಂದೆ ಕುಣಿದಾಡಿದ ಅಭಿಮಾನಿಗಳೇ. ಒಲೆಯ ಮೇಲಿನ ಹಾಲಿನಂತೆ ಉಕ್ಕುವ ಪ್ರೀತಿ ಕೊನೆಗೆ ಒಲೆಯನ್ನೇ ಆರಿಸುತ್ತದೆ.

ಈಗ ಬಾಟಲಿಯ ಕೆಲಸವನ್ನು ಮೊಬೈಲ್ ಮಾಡುತ್ತಿದೆ. 2021ರ ಅಕ್ಟೋಬರ್ 24ರಂದು ದುಬೈನಲ್ಲಿ ಪಾಕಿಸ್ತಾನದ ಎದುರು ಸೋತಾಗ ತಂಡದ ಹನ್ನೊಂದು ಜನರೂ ಸೋತಿದ್ದರು. ಆದರೆ ಬೈಗುಳದ ಸುರಿಮಳೆಯಾದದ್ದು ಮೊಹಮ್ಮದ್ ಶಮಿ ಅವರ ಮೇಲೆ, ಅವರ ಧರ್ಮವನ್ನು ಎತ್ತಿ. ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿ ಅವರ ಪರ ನಿಂತರು. ಮರುವರ್ಷ ಒಂದು ಕ್ಯಾಚ್ ಬಿಟ್ಟದ್ದಕ್ಕೆ ಅರ್ಶದೀಪ್ ಸಿಂಗ್ ಅವರಿಗೂ ಅದೇ ಗತಿ. 2023ರ ನವೆಂಬರ್ 19ರ ಫೈನಲಿನಲ್ಲಿ ಟ್ರಾವಿಸ್ ಹೆಡ್ 137 ರನ್ ಹೊಡೆದು ಆಸ್ಟ್ರೇಲಿಯಾವನ್ನು ಗೆಲ್ಲಿಸಿದಾಗ ಅವರ ಹೆಂಡತಿ ಮಕ್ಕಳನ್ನೂ ಬಿಡದೆ ಹೊಲಸು ಮಾತು ಬರೆದವರಿದ್ದರು. ಇಷ್ಟೆಲ್ಲ ಬರೆದವರು ಯಾವುದೋ ಲೋಕದವರಲ್ಲ. ನಮ್ಮ ಮನೆಗಳಂಥ ಮನೆಗಳಲ್ಲಿ ಟಿವಿಯ ಮುಂದೆ ಕುಳಿತು, ಅಪ್ಪ, ಚಿಕ್ಕಪ್ಪ, ಅಣ್ಣಂದಿರು ಆಡುವ ಮಾತು ಕೇಳಿ ಬೆಳೆದವರು. ಒಂದೇ ಬಾಯಿ ದೇವರನ್ನು ಹೊಗಳಲಿಕ್ಕೂ ಮನುಷ್ಯನನ್ನು ಶಪಿಸಲಿಕ್ಕೂ ಬಳಕೆಯಾಗುವ ಅಸಂಗತವನ್ನು ಸಂತ ಯಕೋಬರು ತಮ್ಮ ಪತ್ರದ 3ನೆಯ ಅಧ್ಯಾಯದಲ್ಲಿ ಖಂಡಿಸಿದ್ದಾರೆ. ಬಿಡುವಾದಾಗ ಆ ಅಧ್ಯಾಯವನ್ನು ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಿ.

ಇನ್ನೊಂದು ಮಾತು ಪಿಸುದನಿಯಲ್ಲಿ ಬರುವಂಥದು. ಭಾರತ–ಪಾಕಿಸ್ತಾನ ಪಂದ್ಯದ ದಿನ ಪಕ್ಕದ ಮುಸ್ಲಿಂ ಮನೆಯತ್ತ ನೋಡಿ, 'ಅವರು ಯಾರ ಕಡೆಯೋ' ಎನ್ನುವುದು. ಶಿವಮೊಗ್ಗದಲ್ಲಿ ಒಂದು ಸಣ್ಣ ಮಾತು ಅಂಗಡಿಗಳ ಬಾಗಿಲು ಹಾಕಿಸಿ ನಿಷೇಧಾಜ್ಞೆಯವರೆಗೆ ಹೋಗುವುದನ್ನು ನೀವು ಕಂಡವರೇ. 1983ರಲ್ಲಿ ವಿಶ್ವಕಪ್ ಗೆದ್ದ ತಂಡವನ್ನು ಮಕ್ಕಳಿಗೆ ಪರಿಚಯಿಸಿ. ಜಿಂಬಾಬ್ವೆಯ ಎದುರು 17 ರನ್ನಿಗೆ 5 ವಿಕೆಟ್ ಬಿದ್ದ ಪಂದ್ಯದಲ್ಲಿ ಕಪಿಲ್ ದೇವ್ 175 ರನ್ ಹೊಡೆದದ್ದು ಎಲ್ಲರಿಗೂ ಗೊತ್ತು. ಒಂಬತ್ತನೆಯ ವಿಕೆಟ್ಟಿಗೆ ಅವರ ಜೊತೆ ನಿಂತು, ಮುರಿಯದ 126 ರನ್ನುಗಳ ಜೊತೆಯಾಟ ಕಟ್ಟಿದವರು ಕರ್ನಾಟಕದ ಸೈಯದ್ ಕಿರ್ಮಾನಿ. ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ಬೆಂಗಳೂರಿನ ರೋಜರ್ ಬಿನ್ನಿ, ಅವರು ಕ್ರೈಸ್ತರು. ಫೈನಲಿನಲ್ಲಿ ಮೊದಲ ವಿಕೆಟ್ ಕಿತ್ತವರು ಬಲ್ವಿಂದರ್ ಸಂಧು, ಸಿಖ್ಖರು.

ಸಂಶಯದ ನೋಟ ಎಷ್ಟು ಚುಚ್ಚುತ್ತದೆ ಎಂಬುದು ನಮಗೂ ತಿಳಿಯದ್ದಲ್ಲ. 2025ರ ಅಕ್ಟೋಬರ್ 30ರಂದು ಮಹಿಳಾ ವಿಶ್ವಕಪ್ ಸೆಮಿಫೈನಲಿನಲ್ಲಿ ಜೆಮಿಮಾ ರಾಡ್ರಿಗಸ್ ಅಜೇಯ 127 ರನ್ ಹೊಡೆದು, ಆಸ್ಟ್ರೇಲಿಯಾ ಕೊಟ್ಟ 339ರ ಗುರಿ ಮುಟ್ಟಿಸಿದರು. ಆ ದಿನಗಳಲ್ಲಿ ತಾವು ಎಷ್ಟು ಅತ್ತಿದ್ದೆವು, ಎಷ್ಟು ಆತಂಕಪಟ್ಟಿದ್ದೆವು ಎಂದು ಹೇಳಿ, ಕಣ್ಣೀರಿಟ್ಟು, ಪ್ರಭು ಯೇಸುವಿಗೆ ವಂದನೆ ಸಲ್ಲಿಸಿದರು. ದೇಶವೆಲ್ಲ ಮೆಚ್ಚಿತು; ಆದರೆ ಯೇಸುವಿನ ಹೆಸರೆತ್ತಿದ್ದಕ್ಕೆ ಹಂಗಿಸಿದವರೂ ಇದ್ದರು. ಅದು ನಮಗೆ ನೋವಾಯಿತಲ್ಲವೇ? ಶಮಿಯವರ ಮನೆಯವರಿಗೆ ಆದದ್ದೂ ಅದೇ ನೋವು.

ಹಾಗಾದರೆ ಅಭಿಮಾನಿಯಾಗುವುದನ್ನು ಕಲಿಯುವುದು ಯಾರಿಂದ? ದೂರ ಹೋಗಬೇಕಿಲ್ಲ. ಗುಂಡಪ್ಪ ವಿಶ್ವನಾಥ್ ಅವರು 1949ರ ಫೆಬ್ರವರಿ 12ರಂದು ಹುಟ್ಟಿದ್ದು ನಮ್ಮ ಭದ್ರಾವತಿಯಲ್ಲಿ. 1975ರ ಮೊದಲ ವಿಶ್ವಕಪ್ಪಿನ ಮೊದಲ ದಿನ, ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ 60 ಓವರಿನಲ್ಲಿ 334 ರನ್ ಮಾಡಿದಾಗ ಭಾರತ ಕುಂಟುತ್ತಾ ಗಳಿಸಿದ್ದು ಬರೀ 132; ಅದರಲ್ಲಿ ಹೆಚ್ಚಿನ ಗಳಿಕೆ ಅವರದೇ, 37. ನಾಲ್ಕು ವರ್ಷದ ನಂತರ ವೆಸ್ಟ್ ಇಂಡೀಸಿನ ವೇಗದ ಬೌಲರುಗಳ ಎದುರು 75 ಹೊಡೆದರು. ಆ ಪಂದ್ಯವನ್ನೂ ಭಾರತ ಸೋತಿತು. ಅಂದಿನ ಭಾರತಕ್ಕೆ ಒಂದು ದಿನದ ಆಟವೇ ಒಗ್ಗಿರಲಿಲ್ಲ.

ಆದರೆ ಅವರನ್ನು ನೆನೆಯಬೇಕಾದದ್ದು ಒಂದು ಟೆಸ್ಟ್ ಪಂದ್ಯಕ್ಕಾಗಿ. 1980ರ ಫೆಬ್ರವರಿ, ಮುಂಬಯಿ, ಸುವರ್ಣ ಮಹೋತ್ಸವ ಟೆಸ್ಟ್. ವಿಶ್ವನಾಥ್ ಭಾರತದ ನಾಯಕರು. ಇಂಗ್ಲೆಂಡಿನ 5 ವಿಕೆಟ್ 58 ರನ್ನಿಗೆ ಬಿದ್ದಿತ್ತು. ಬಾಬ್ ಟೇಲರ್ ಅವರು ವಿಕೆಟ್‌ಕೀಪರಿಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥ್ ಅವರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಅನ್ನಿಸಿತು. ಅಂಪೈರರ ಬಳಿಗೆ ಹೋಗಿ ತೀರ್ಪನ್ನು ಬದಲಿಸುವಂತೆ ಕೇಳಿಕೊಂಡು, ಟೇಲರ್ ಅವರನ್ನು ಮತ್ತೆ ಆಡಿಸಿದರು. ಮುಂದೆ ಟೇಲರ್ ಮತ್ತು ಬಾಥಮ್ ಕೂಡಿ 171 ರನ್ ಸೇರಿಸಿದರು. ಭಾರತ 10 ವಿಕೆಟ್ಟಿನಿಂದ ಸೋತಿತು. ಒಳ್ಳೆಯತನಕ್ಕೆ ಕೂಡಲೇ ಬಹುಮಾನ ಸಿಕ್ಕಿತೆಂದು ಇಲ್ಲಿ ಹೇಳುವಂತಿಲ್ಲ. ಸಿಕ್ಕಿದ್ದು ಸೋಲು. ಅಷ್ಟಾದರೂ ಇಂದಿಗೂ ಜನ ಆ ಪಂದ್ಯದ ಮಾತೆತ್ತಿದರೆ ವಿಶ್ವನಾಥರ ಹೆಸರನ್ನು ಗೌರವದಿಂದಲೇ ಹೇಳುತ್ತಾರೆ. ನಮ್ಮವರ ಪರವಾಗಿ ತಪ್ಪು ತೀರ್ಪು ಬಂದಾಗ ಟಿವಿಯ ಮುಂದೆ ನಾವು ಏನು ಹೇಳುತ್ತೇವೆ? 'ಅದು ಔಟಲ್ಲ ಮಗಾ' ಎಂದು ಅಪ್ಪನೊಬ್ಬ ಒಂದು ಸಲ ಹೇಳಿದರೆ, ಸತ್ಯವನ್ನು ಕುರಿತು ಧರ್ಮೋಪದೇಶದ ತರಗತಿಯಲ್ಲಿ ಕಲಿತದ್ದು ಮಗುವಿನ ಮನಸ್ಸಿನಲ್ಲಿ ಊರುತ್ತದೆ. ಆಗಾಗ ಮಕ್ಕಳನ್ನು ನವುಲೆಯ ಕ್ರೀಡಾಂಗಣಕ್ಕೂ ಕರೆದುಕೊಂಡು ಹೋಗಿ. ಎದುರಾಳಿಯೂ ಬೆವರು ಸುರಿಸುವ ಹುಡುಗನೇ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಬೆಟ್ಟಿಂಗಿನ ವಿಷಯವನ್ನು ಬಿಡುವಂತಿಲ್ಲ. ಜೂಜು ತನ್ನಷ್ಟಕ್ಕೆ ನ್ಯಾಯಕ್ಕೆ ವಿರುದ್ಧವಲ್ಲ, ಆದರೆ ತನ್ನ ಮತ್ತು ತನ್ನವರ ಅಗತ್ಯಕ್ಕೆ ಬೇಕಾದದ್ದನ್ನು ಕಸಿದುಕೊಂಡಾಗ ಅದು ಒಪ್ಪಲಾಗದ್ದು, ಅದರ ಚಟ ಮನುಷ್ಯನನ್ನು ಗುಲಾಮನಾಗಿಸುತ್ತದೆ ಎಂಬುದು ಧರ್ಮೋಪದೇಶ ಗ್ರಂಥದ 2413ನೆಯ ಪರಿಚ್ಛೇದದ ಸಾರ. ಕಾಗದದ ಕಾರ್ಖಾನೆ ನಿಂತುಹೋದ ಭದ್ರಾವತಿಯಲ್ಲಿ, ತಿಂಗಳ ಸಂಬಳವೆಂಬುದೇ ತಪ್ಪಿಹೋದ ಮನೆಗಳಲ್ಲಿ, ಹೆಂಡತಿಯ ಚೀಟಿ ಹಣವೋ ಸಂಘದ ಸಾಲವೋ ಒಂದು ಪಂದ್ಯಕ್ಕೆ ಹೋದರೆ ಕಸಿದದ್ದು ಯಾರ ಅನ್ನ? ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾನೂನು ನಿಷೇಧಿಸಿದೆ. ಕೈಯಿಂದ ಕೈಗೆ ನಡೆಯುವುದನ್ನು ತಡೆಯಬೇಕಾದವರು ಮನೆಯವರೇ. ಬೆಟ್ಟಿಂಗ್ ಆಟಗಾರರನ್ನೂ ಬಿಡಲಿಲ್ಲ. ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನ್ಯೆ ತಮ್ಮ ಕ್ರೈಸ್ತ ವಿಶ್ವಾಸವನ್ನು ಬಹಿರಂಗವಾಗಿ ಸಾರುತ್ತಿದ್ದವರು. ಜೂಜುಕೋರರಿಂದ ಹಣ ಪಡೆದದ್ದು 2000ದಲ್ಲಿ ಬೆಳಕಿಗೆ ಬಂದು ಜೀವನಪರ್ಯಂತ ನಿಷೇಧಕ್ಕೆ ಒಳಗಾದರು; 2002ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ತೀರ್ಪು ದೇವರಿಗೆ ಬಿಟ್ಟದ್ದು. ಆದರೆ ದೇವರ ಹೆಸರು ನಾಲಿಗೆಯ ಮೇಲಿದ್ದ ಮಾತ್ರಕ್ಕೆ ಕೈ ಶುದ್ಧವಾಗಿರುವುದಿಲ್ಲ.

ಕಡೆಯದಾಗಿ ಭಾನುವಾರದ ತೊಡಕು. ದೊಡ್ಡ ಪಂದ್ಯಗಳು ಭಾನುವಾರವೇ ಬೀಳುತ್ತವೆ. 2003ರ ಫೈನಲ್ ತಪಸ್ಸು ಕಾಲದ ಮೂರನೆಯ ಭಾನುವಾರ ಇತ್ತು. 2025ರಲ್ಲಿ ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದದ್ದು ನವೆಂಬರ್ 2ರ ಭಾನುವಾರ, ಮೃತ ವಿಶ್ವಾಸಿಗಳ ಸ್ಮರಣೆಯ ದಿನ. ಮಳೆಯಿಂದ ಪಂದ್ಯ ಸಂಜೆ 5 ಗಂಟೆಗೆ ಶುರುವಾಯಿತು. ಅಂದು ಸಮಾಧಿಗೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಬಂದೇ ಟಿವಿ ಹಾಕಿದವರು ಏನನ್ನೂ ಕಳೆದುಕೊಳ್ಳಲಿಲ್ಲ. ಎರಡು ಇನ್ನಿಂಗ್ಸಿನ ನಡುವಿನ ವಿರಾಮದಲ್ಲಿ ಮನೆಮಂದಿ ಕೂಡಿ ಜಪಸರ ಮಾಡಲು ಬೇಕಾದಷ್ಟು ಸಮಯವಿದೆ. ಟಿವಿಯ ಧ್ವನಿ ತಗ್ಗಿಸಿದರೆ ಸಾಲದು, ಆರಿಸಬೇಕು. ಇನ್ನು ಬಲಿಪೂಜೆಯ ಮಾತು. ಭಾನುವಾರದ ಕರ್ತವ್ಯವನ್ನು ಹಿಂದಿನ ದಿನದ ಸಂಜೆಯ ಪೂಜೆಯಲ್ಲಿಯೂ ಪೂರೈಸಬಹುದೆಂದು ಧರ್ಮಸಭೆಯೇ ಅನುಮತಿ ಕೊಟ್ಟಿದೆ. ಪಂದ್ಯದ ವೇಳಾಪಟ್ಟಿ ಪತ್ರಿಕೆಯಲ್ಲಿ ಬಂದ ದಿನವೇ, ನಿಮ್ಮ ಹತ್ತಿರದ ದೇವಾಲಯದಲ್ಲಿ ಶನಿವಾರ ಸಂಜೆಯ ಪೂಜೆ ಎಷ್ಟು ಗಂಟೆಗೆ ಎಂದು ಕೇಳಿ, ಅದರ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.