ಅಂಗಡಿಯವರು ಮುಖ್ಯಮಂತ್ರಿ ಆದದ್ದು

ಕೆನಡಾ ಒಂದು ದೊಡ್ಡ ದೇಶ. ನಮ್ಮಲ್ಲಿ ರಾಜ್ಯ ಇದ್ದ ಹಾಗೆ ಅಲ್ಲಿ ಪ್ರಾಂತ್ಯ. ಬ್ರಿಟಿಷ್ ಕೊಲಂಬಿಯಾ ಅಂಥ ಒಂದು ಪ್ರಾಂತ್ಯ. ಅಲ್ಲಿ ಆಗ ಕೆಲೋನಾ ಎಂಬ ಸಣ್ಣ ಪೇಟೆ ಇತ್ತು. ಸುತ್ತ ಹಣ್ಣಿನ ತೋಟಗಳು. 1930ರಲ್ಲಿ ಬೆನೆಟ್ ಎಂಬವರು ಅಲ್ಲಿಗೆ ಬಂದರು. ಮೊಳೆ, ಸುತ್ತಿಗೆ, ಬೀಗ ಮಾರುವ ಅಂಗಡಿ ಕೊಂಡರು. ವ್ಯಾಪಾರ ಕುದುರಿತು.

1941ರಲ್ಲಿ ಅವರು ಶಾಸಕರಾದರು. ಹತ್ತು ವರ್ಷದ ಮೇಲೆ ತಮ್ಮ ಪಕ್ಷ ಬಿಟ್ಟರು. ಸೋಷಿಯಲ್ ಕ್ರೆಡಿಟ್ ಎಂಬ ಸಣ್ಣ ಪಕ್ಷ ಸೇರಿದರು. ಆ ಪ್ರಾಂತ್ಯದಲ್ಲಿ ಆ ಪಕ್ಷ ಒಂದು ಸೀಟೂ ಗೆದ್ದಿರಲಿಲ್ಲ. ಜನ ನಕ್ಕಿರಬೇಕು!

1952ರಲ್ಲಿ ಚುನಾವಣೆ ಬಂತು. ಆ ಸಲ ಮತ ಹಾಕುವ ಕ್ರಮವೇ ಬೇರೆ. ಒಬ್ಬರಿಗೆ ಮಾತ್ರ ಗುರುತು ಹಾಕುವುದಲ್ಲ. ಹೆಸರುಗಳ ಮುಂದೆ 1, 2, 3 ಎಂದು ಬರೆಯಬೇಕು. ತುಂಬ ಇಷ್ಟವಾದವರಿಗೆ 1. ಅವರು ಇಲ್ಲದಿದ್ದರೆ ಇವರಾಗಲಿ ಎಂದು 2. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ, ಕೊನೆಯವರನ್ನು ಬಿಡುತ್ತಾರೆ. ಅವರ ಚೀಟಿಗಳಲ್ಲಿ 2 ಯಾರಿಗಿದೆ ನೋಡಿ, ಅವರಿಗೆ ಸೇರಿಸುತ್ತಾರೆ.

ಈ ಕ್ರಮ ತಂದವರು ಆಗ ಆಳುತ್ತಿದ್ದ ಎರಡು ಪಕ್ಷದವರು. 2 ನಮ್ಮನಮ್ಮಲ್ಲೇ ಇರುತ್ತದೆ ಅಂತ ಅವರ ಲೆಕ್ಕ. ಜನ ಏನು ಮಾಡಿದರು ಗೊತ್ತೇ? ಎಷ್ಟೋ ಮಂದಿ 2 ಅನ್ನು ಬೆನೆಟ್ ಪಕ್ಷಕ್ಕೆ ಬರೆದರು. ಎಣಿಕೆ ವಾರಗಟ್ಟಲೆ ನಡೆಯಿತು. ಬೆನೆಟ್ ಪಕ್ಷಕ್ಕೆ 19 ಸೀಟು, ಎದುರು ಪಕ್ಷಕ್ಕೆ 18. ಒಂದೇ ಒಂದು ಹೆಚ್ಚು! ಅಂಗಡಿಯವರು ಮುಖ್ಯಮಂತ್ರಿಯಾದರು. ಅವರ ಸರ್ಕಾರದಲ್ಲಿ ಟಿಲ್ಲಿ ರೋಲ್‌ಸ್ಟನ್ ಎಂಬ ಹೆಂಗಸು ಶಿಕ್ಷಣ ಮಂತ್ರಿಯಾದರು. ಕೆನಡಾದಲ್ಲಿ ಸ್ವಂತ ಖಾತೆ ಸಿಕ್ಕ ಮೊದಲ ಮಂತ್ರಿಣಿ ಅವರೇ. ಇದನ್ನು ನಾವು ಮರೆಯದೆ ಹೇಳಬೇಕು.

ಬೆನೆಟ್ 20 ವರ್ಷ ಆಳಿದರು. ಹಣಕಾಸನ್ನು ಬಹುಕಾಲ ತಾವೇ ನೋಡಿಕೊಂಡರು, ಗಲ್ಲಾಪೆಟ್ಟಿಗೆ ಬಿಡದ ಸಾಹುಕಾರರ ಹಾಗೆ. ರಸ್ತೆ, ಸೇತುವೆ ಮಾಡಿಸಿದರು. ಖಾಸಗಿ ಕರೆಂಟ್ ಕಂಪನಿಯನ್ನು ಸರ್ಕಾರಕ್ಕೆ ತೆಗೆದುಕೊಂಡರು. ಪೀಸ್ ನದಿಗೆ ದೊಡ್ಡ ಅಣೆಕಟ್ಟು ಕಟ್ಟಿಸಿದರು. 1967ರಲ್ಲಿ ಅದು ಮುಗಿಯಿತು. ಅದಕ್ಕೆ ಅವರದೇ ಹೆಸರು.

ಆದರೆ ನೀರು ಏರಿದಾಗ ಮುಳುಗಿದ್ದು ಯಾರ ನೆಲ? ಸೇ ಕೇ ಡೆನೆ ಎಂಬ ಮೂಲನಿವಾಸಿಗಳದು. ಮನೆ ಹೋಯಿತು, ಬೇಟೆಯ ಕಾಡು ಹೋಯಿತು, ಹಿರಿಯರ ಸಮಾಧಿಯೂ ಹೋಯಿತು. ಅಣೆಕಟ್ಟಿನ ಕರೆಂಟು ದೂರದ ಪಟ್ಟಣಗಳಿಗೆ ಹರಿಯಿತು. ಇವರ ಊರಿಗೆ ಮುಂದೆ ಎಷ್ಟೋ ವರ್ಷ ಡೀಸೆಲ್ ಯಂತ್ರವೇ ಗತಿ.

1972ರಲ್ಲಿ ಬೆನೆಟ್ ಪಕ್ಷ ಸೋತಿತು. 1979ರಲ್ಲಿ ಅವರು ತೀರಿಕೊಂಡರು. ಕರೆಂಟ್ ಸಂಸ್ಥೆಯವರು ಮೂಲನಿವಾಸಿಗಳ ಕ್ಷಮೆ ಕೇಳಿದ್ದು 2016ರಲ್ಲಿ.