ಮುಂಜಾನೆ ಚಾಲೂ ಆಗದ ಪವರ್ ಟಿಲ್ಲರ್

ಭತ್ತದ ಕೊಯ್ಲಾದ ಮೇಲೆ ಗದ್ದೆಯ ತೇವ ಆರುವ ಮೊದಲೇ ಶೇಂಗಾ, ಅಲಸಂದೆ ಬಿತ್ತಬೇಕು. ಕಾರವಾರ, ಅಂಕೋಲಾ ತಾಲೂಕುಗಳ ರೈತರಿಗೆ ಡಿಸೆಂಬರ್ ತಿಂಗಳ ಒಂದೊಂದು ಮುಂಜಾನೆಯೂ ಬೆಲೆಯುಳ್ಳದ್ದು. ಅಂಥ ದಿನ ಹ್ಯಾಂಡಲ್ ತಿರುಗಿಸಿ ತೋಳು ಸೋತರೂ ಟಿಲ್ಲರ್ ಚಾಲೂ ಆಗದಿದ್ದರೆ, ಚಳಿಯ ದೋಷವೆಂದು ಬಿಸಿಲೇರುವವರೆಗೆ ಕಾಯುವವರುಂಟು. ಆದರೆ ಚಳಿಗಾಲದಲ್ಲೂ ನಮ್ಮ ಕರಾವಳಿಯ ರಾತ್ರಿಯ ಉಷ್ಣತೆ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಸುಸ್ಥಿತಿಯಲ್ಲಿರುವ ಡೀಸೆಲ್ ಎಂಜಿನ್ನಿಗೆ ಇದು ಚಳಿಯೇ ಅಲ್ಲ. ಮೊದಲೇ ಇದ್ದ ಕೊರತೆ ತಂಪಿನಲ್ಲಿ ಹೊರಬೀಳುತ್ತದೆ, ಅಷ್ಟೆ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಕೊಡುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಕಾವಿಗೆ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಮೊದಲು ಸೈಲೆನ್ಸರಿನ ಹೊಗೆಯನ್ನು ಗಮನಿಸಿರಿ. ತಿರುಗಿಸುವಾಗ ಹೊಗೆಯೇ ಬಾರದಿದ್ದರೆ ಡೀಸೆಲ್ ಒಳಗೆ ತಲುಪುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ತಲುಪಿದೆ, ಉರಿಯುತ್ತಿಲ್ಲ.

ನಮ್ಮ ಕಡೆ ಹೆಚ್ಚಿನ ತೊಂದರೆ ನೀರಿನದು. ಅರ್ಧ ಖಾಲಿಯಾದ ಟ್ಯಾಂಕಿನೊಳಗಿನ ತೇವದ ಗಾಳಿ ರಾತ್ರಿ ತಣಿದು ಹನಿಗಟ್ಟುತ್ತದೆ. ನೀರು ಡೀಸೆಲಿಗಿಂತ ಭಾರವಾದ್ದರಿಂದ ತಳಕ್ಕಿಳಿದು, ಬೆಳಿಗ್ಗೆ ಮೊದಲು ಅದೇ ಫಿಲ್ಟರಿಗೆ ಹೋಗುತ್ತದೆ. ತಳದ ತಿರುಪು ಸಡಿಲಿಸಿ ಸ್ವಲ್ಪ ಡೀಸೆಲನ್ನು ಗಾಜಿನ ಲೋಟಕ್ಕೆ ಹಿಡಿದು ನೋಡಿರಿ. ಅಡಿಯಲ್ಲಿ ಬೇರೆ ಪದರ ನಿಂತರೆ ಅದು ನೀರು. ಶುದ್ಧ ಡೀಸೆಲ್ ಬರುವವರೆಗೆ ಹರಿಯಬಿಡಿರಿ. ಸಂಜೆ ಕೆಲಸ ಮುಗಿದೊಡನೆ ಟ್ಯಾಂಕು ತುಂಬಿಸಿಡುವ ರೂಢಿಯಿದ್ದರೆ ಈ ಕಾಟ ಬಹಳ ಕಡಿಮೆ.

ನೀರು ತೆಗೆದ ಬಳಿಕ ಪೈಪಿನಲ್ಲಿ ಗಾಳಿ ಸೇರಿರಬಹುದು. ಫಿಲ್ಟರಿನ ಗಾಳಿ ಬಿಡುವ ತಿರುಪನ್ನು ಸಡಿಲಿಸಿ, ಗುಳ್ಳೆ ನಿಂತು ಡೀಸೆಲ್ ಸರಾಗವಾಗಿ ಬಂದಮೇಲೆ ಬಿಗಿಯಿರಿ. ಪಂಪಿನಲ್ಲಿಯೂ ಹೀಗೆಯೇ ಮಾಡಿರಿ. ನಾಜಲ್‌ನಿಂದ ಚಿಮ್ಮುವ ಡೀಸೆಲಿಗೆ ಮಾತ್ರ ಎಂದೂ ಕೈಯೊಡ್ಡಬಾರದು. ಅದು ಚರ್ಮ ಸೀಳಿ ಒಳನುಗ್ಗುತ್ತದೆ.

ಸೆಲ್ಫ್ ಸ್ಟಾರ್ಟ್ ಇರುವ ಟಿಲ್ಲರಾದರೆ ಬ್ಯಾಟರಿಯ ತುದಿಗಳನ್ನು ನೋಡಿರಿ. ಗಜನಿ ಗದ್ದೆಗಳ ಬದಿಯ ಉಪ್ಪುಗಾಳಿಗೆ ಲೋಹ ಬೇಗ ಕಿಲುಬುತ್ತದೆ. ತಂತಿ ಬಿಚ್ಚಿ, ಕೆರೆದು ಒರೆಸಿ, ಮರಳಿ ಬಿಗಿದು ವ್ಯಾಸಲೀನ್ ಸವರಿರಿ.

ಕೈಯಿಂದ ತಿರುಗಿಸುವವರು ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟುಕೊಳ್ಳತಕ್ಕದ್ದು. ಎಂಜಿನ್ ಹಿಂದಕ್ಕೆ ಒದೆದರೆ ಮಣಿಕಟ್ಟು ಮುರಿದೀತು. ಗಾಳಿ ಸೇದುವ ಬಾಯಿಗೆ ಉರಿಯುವ ಬಟ್ಟೆ ಹಿಡಿಯುವುದು, ಪೆಟ್ರೋಲ್ ಚಿಮುಕಿಸುವುದು ಶುದ್ಧ ಅವಿವೇಕ. ಬೇಕಿದ್ದರೆ ರೇಡಿಯೇಟರಿಗೆ ಉಗುರುಬೆಚ್ಚಗಿನ ನೀರು ಹಾಕಿರಿ.

ಡೀಸೆಲ್ ಶುದ್ಧವಿದ್ದು, ಏರ್ ಕ್ಲೀನರ್ ಚೊಕ್ಕಟವಿದ್ದರೂ ಬಿಳಿ ಹೊಗೆಯೇ ಬರುತ್ತಿದ್ದರೆ ರಿಂಗು, ವಾಲ್ವು ಸವೆದು ಒತ್ತಡ ಸೋರುತ್ತಿರಬಹುದು, ಇಲ್ಲವೆ ನಾಜಲ್ ಕೆಟ್ಟಿರಬಹುದು. ಮೆಕ್ಯಾನಿಕ್‌ಗೆ ತೋರಿಸಿ ಮಳೆಗಾಲದ ಉಳುಮೆಗೆ ಮೊದಲೇ ಸರಿಪಡಿಸಿಕೊಳ್ಳಿರಿ.